ಹಿಟ್ಟಿನ ಕೋಳಿ ಮತ್ತು ಪ್ಲಾಸ್ಟಿಕ್ ಕಪ್ಪೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳಿಂದ ಊರಿನ ಹಿರಿಯರಿಗೆ ಬರುವ ಭಾವಚಿತ್ರಗಳಲ್ಲಿ ಒಮ್ಮೊಮ್ಮೆ ಇಂಥದೂ ಒಂದು ಇರುತ್ತದೆ: ಸರೋವರದ ದಡದಲ್ಲಿ ನಗುತ್ತ ನಿಂತ ಮೊಮ್ಮಗ, ಅವನ ಹೆಬ್ಬೆರಳು ತೋರುಬೆರಳುಗಳ ಹಿಡಿತದಲ್ಲಿ ಕೆಳದುಟಿಯಿಂದ ತೂಗುತ್ತಿರುವ ಹಸಿರು ಮೈಯ ಬಾಸ್ ಮೀನು. ಅಜ್ಜಿ ಗಾಬರಿಯಿಂದ ಕೇಳಿದರೆ ಸಮಾಧಾನ ಸಿದ್ಧವಾಗಿರುತ್ತದೆ: “ಗಾಳಕ್ಕೆ ಕಟ್ಟಿದ್ದು ಜೀವಂತ ಕಪ್ಪೆಯಲ್ಲ, ಪ್ಲಾಸ್ಟಿಕ್ಕಿನದು. ಮೀನನ್ನು ಕೊಲ್ಲಲಿಲ್ಲ, ತಿನ್ನಲಿಲ್ಲ, ನೀರಿಗೇ ಬಿಟ್ಟೆವು. ಇದರಲ್ಲಿ ಹಿಂಸೆ ಎಲ್ಲಿದೆ?”

ಮಾಂಸಾಹಾರದ ಸಮರ್ಥನೆಗಿಂತ ಈ ಮಾತು ಹೆಚ್ಚು ಅಪಾಯಕರವಾದುದು. ಅದು ಅಹಿಂಸೆಯನ್ನು ಧಿಕ್ಕರಿಸುವುದಿಲ್ಲ. ಅಹಿಂಸೆಯ ಹೆಸರಿನಲ್ಲೇ ಗಾಳ ಹಾಕುತ್ತದೆ. ಆದುದರಿಂದ ಈ ಪ್ಲಾಸ್ಟಿಕ್ ಕಪ್ಪೆಯೆಂದರೇನೆಂಬುದನ್ನು ಮೊದಲು ತಿಳಿಯುವುದು ಅವಶ್ಯಕ.

ಅದು ಒಳಗೆ ಟೊಳ್ಳಾದ, ಬೆರಳಿಟ್ಟರೆ ಕುಗ್ಗುವ ಮೃದುವಾದ ಬೊಂಬೆ. ಹಿಂಗಾಲುಗಳ ಸ್ಥಾನದಲ್ಲಿ ರಬ್ಬರಿನ ಎಳೆಗಳು ಅಲ್ಲಾಡುತ್ತವೆ. ಅದರ ಬೆನ್ನಿಗೆ ಒತ್ತಿಕೊಂಡಂತೆ ಎರಡು ಕೊಕ್ಕೆಗಳು ಮೇಲ್ಮುಖವಾಗಿ ಮಲಗಿರುತ್ತವೆ. ನೈದಿಲೆಯ ಎಲೆಗಳ ಮೇಲೆ, ಪಾಚಿಯ ಹಾಸಿನ ಮೇಲೆ ಎಳೆದು ತಂದರೂ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಎಲೆಯ ನೆರಳಿನಲ್ಲಿ ತಂಗಿದ್ದ ಬಾಸ್ ಮೀನು ಕಪ್ಪೆಯೊಂದು ಕುಪ್ಪಳಿಸುತ್ತಿದೆಯೆಂದು ನಂಬಿ ನೀರನ್ನು ಒಡೆದು ಮೇಲೆರಗುತ್ತದೆ. ಅದರ ದವಡೆಗಳ ಒತ್ತಡಕ್ಕೆ ಬೊಂಬೆ ಕುಗ್ಗಿದೊಡನೆ ಅಡಗಿದ್ದ ಕೊಕ್ಕೆಗಳು ಹೊರಚಾಚುತ್ತವೆ. ಒಂದೆರಡು ಕ್ಷಣ ತಡೆದು, ಮೀನು ಬಾಯಿ ಮುಚ್ಚಿತೆಂದು ಖಚಿತವಾದ ಮೇಲೆ ಕೋಲನ್ನು ಬಲವಾಗಿ ಎಳೆಯಬೇಕೆಂಬುದು ಈ ಆಟದ ಮುಖ್ಯ ಪಾಠ. ಮೃದುತ್ವವೆಲ್ಲವೂ ಇರುವುದು ಉಕ್ಕನ್ನು ಮರೆಮಾಚುವುದಕ್ಕಾಗಿ. ಇದರಲ್ಲಿ ಮಾಯಾಕಷಾಯವನ್ನು ಕಾಣಲು ವಿಶೇಷ ಪಾಂಡಿತ್ಯವೇನೂ ಬೇಡ.

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಹಿಂದೆ ಜೀವಂತ ಕಪ್ಪೆಯನ್ನೇ ಗಾಳಕ್ಕೆ ಚುಚ್ಚಿ ನೀರಿಗೆಸೆಯುತ್ತಿದ್ದರು. 1949ರಲ್ಲಿ ಒಹಾಯೊ ರಾಜ್ಯದ ಅಕ್ರನ್ ನಗರದ ನಿಕ್ ಕ್ರೀಮ್ ಎಂಬಾತ ಮೃದು ಪ್ಲಾಸ್ಟಿಕ್ಕಿನ ಎರೆಹುಳುವನ್ನು ಮಾಡಿದ. ಅದೇ ಬಗೆಯಲ್ಲಿ ಮುಂದೆ ಕಪ್ಪೆಗಳೂ ಬಂದವು. ಬಾಸ್ ಬೇಟೆಯ ಸ್ಪರ್ಧೆಗಳನ್ನು ಕಟ್ಟಿ ಬೆಳೆಸಿದ ರೇ ಸ್ಕಾಟ್ 1972ರಲ್ಲಿ ಹಿಡಿದ ಮೀನನ್ನು ಕೊಲ್ಲದೆ ಬಿಡಬೇಕೆಂಬ ನಿಯಮವನ್ನು ತನ್ನ ಪಂದ್ಯಗಳಲ್ಲಿ ಬಳಕೆಗೆ ತಂದ. ಎಷ್ಟೋ ಕಪ್ಪೆಗಳೂ ಮೀನುಗಳೂ ಇದರಿಂದ ಉಳಿದಿರಬಹುದು. ಕೊಂದು ತಿನ್ನುವ ರೂಢಿಯ ಸಮಾಜವೊಂದು ಇಷ್ಟು ದೂರ ನಡೆದಿದ್ದರೆ ಅದಕ್ಕೆ ಸಂತೋಷಪಡಬೇಕು. ಆದರೆ ಅವರು ಏರಿ ಬಂದ ಮೆಟ್ಟಿಲಿಗೆ ಶ್ರಾವಕನು ಮೇಲಿನಿಂದ ಇಳಿದು ಹೋಗಿ ನಿಂತು, ತಾನೂ ಏರಿದೆನೆಂದು ಹೇಳಿಕೊಳ್ಳುವುದು ಸಲ್ಲದು.

ಕೃತಕ ಪ್ರಾಣಿಯ ಪ್ರಶ್ನೆಯನ್ನು ಕನ್ನಡದ ಜೈನ ಕವಿ ಎಂದೋ ಇತ್ಯರ್ಥಪಡಿಸಿದ್ದಾನೆ. ಜನ್ನನ ‘ಯಶೋಧರ ಚರಿತೆ’ ರಚಿತವಾದುದು 1209ರಲ್ಲಿ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಬಲಿಗೆ ಒಪ್ಪದೆ, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ರಕ್ತವಿಲ್ಲ, ಜೀವವಿಲ್ಲ. ಆದರೂ ಆ ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಂಚರಾಗಿ ತೊಳಲುತ್ತಾರೆ. ಆ ಜನ್ಮಗಳಲ್ಲೊಂದು ಮೀನಿನ ಜನ್ಮ. ಬಸದಿಗಳಲ್ಲಿ ಈ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡ ಮನೆತನಗಳೇ ಇಂದು ಪ್ಲಾಸ್ಟಿಕ್ಕಿನ ಕಪ್ಪೆಗೆ ಜೀವವಿಲ್ಲವೆಂದು ಸಮಾಧಾನ ಹೇಳುತ್ತಿವೆ! ಹಿಟ್ಟಿನ ಕೋಳಿಯಿಂದ ಯಾವ ಪ್ರಾಣಿಗೂ ನೋವಾಗಿರಲಿಲ್ಲ, ಭಾವವೊಂದೇ ಕೆಟ್ಟಿತ್ತು. ಇಲ್ಲಿ ಭಾವವೂ ಕೆಡುತ್ತದೆ, ಜೀವವೂ ನೋಯುತ್ತದೆ.

ಮೀನಿಗೆ ನೋವಿಲ್ಲವೆಂಬ ವಾದವೊಂದುಂಟು. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ಮುಖದಲ್ಲಿ ನೋವನ್ನು ಗ್ರಹಿಸುವ ನರತಂತುಗಳನ್ನು ಗುರುತಿಸಿದರು. ತುಟಿಗೆ ಆಮ್ಲ ತಾಗಿದ ಮೀನುಗಳು ತುಟಿಯನ್ನು ತಳದ ಕಲ್ಲುಗಳಿಗೆ ಉಜ್ಜಿಕೊಂಡವು, ಬಹು ಹೊತ್ತು ಆಹಾರ ಮುಟ್ಟಲಿಲ್ಲ. ಅದನ್ನು ಮನುಷ್ಯನ ನೋವಿಗೆ ಸಮನೆನ್ನಬಹುದೇ ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಮೀನು ಪಂಚೇಂದ್ರಿಯ ಜೀವಿಯೆಂದು ತಿಳಿಯಲು ಜೈನನು ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಬಿಟ್ಟ ಮೀನು ಸುಖವಾಗಿ ಬದುಕುತ್ತದೆಂಬುದೂ ಅರ್ಧಸತ್ಯ. ಗಾಳ ಗಂಟಲಿಗೆ ಇಳಿದಿದ್ದರೆ ಎಷ್ಟೋ ಮೀನುಗಳು ಆಮೇಲೆ ಸಾಯುತ್ತವೆ. ವಸಂತದಲ್ಲಿ ಬಾಸ್ ಮೀನಿನ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುದು ಗಂಡು. ತೂಕ ನೋಡಿ ಭಾವಚಿತ್ರ ತೆಗೆಯಲು ಅದನ್ನು ಮೇಲೆತ್ತಿದ ಕೆಲವೇ ನಿಮಿಷಗಳಲ್ಲಿ ಬೇರೆ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿನ್ನುತ್ತವೆ. ಹಿಡಿದವನ ಲೆಕ್ಕದಲ್ಲಿ ಆ ಸಾವುಗಳು ಬರುವುದೇ ಇಲ್ಲ.

ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನ ಕರ್ಮವನ್ನು ಶಾಸ್ತ್ರ ಮನ್ನಿಸುವುದಿಲ್ಲ; ಆದರೂ ಅವನ ಹಿಂಸೆಯ ಹಿಂದೆ ಹಸಿವೆಂಬ ಕಾರಣವಿದೆ. ತಿನ್ನುವ ಉದ್ದೇಶವೂ ಇಲ್ಲದೆ, ಚುಚ್ಚುವುದರ, ಎಳೆದಾಡಿಸುವುದರ ಸುಖಕ್ಕಾಗಿಯೇ ಚುಚ್ಚುವುದಕ್ಕೆ ಶ್ರಾವಕಾಚಾರದಲ್ಲಿ ಅನರ್ಥದಂಡವೆಂಬ ಹೆಸರಿದೆ. ಅದರಲ್ಲಿ ಹರ್ಷಿಸುವುದು ರೌದ್ರಧ್ಯಾನ. “ಬಿಟ್ಟುಬಿಟ್ಟೆವು” ಎಂಬ ಸಮರ್ಥನೆಯು ಆ ಕೃತ್ಯಕ್ಕಿದ್ದ ಏಕೈಕ ಪ್ರಯೋಜನವನ್ನೂ ಕಿತ್ತುಹಾಕಿ ಅದನ್ನು ಶುದ್ಧ ಅನರ್ಥವನ್ನಾಗಿಸುತ್ತದೆಯೆಂಬುದನ್ನು ಹೇಳುವವರು ಗಮನಿಸಿದಂತಿಲ್ಲ. ಮೃಗಸೇನನೆಂಬ ಬೆಸ್ತನ ಕಥೆಯನ್ನು ಇಲ್ಲಿ ಎತ್ತಿಕೊಳ್ಳುವವರಿಗೂ ಇದೇ ಉತ್ತರ. ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವೆನೆಂದು ಮುನಿಗೆ ಮಾತುಕೊಟ್ಟ ಅವನು, ಅದೇ ಮೀನು ಮತ್ತೆ ಮತ್ತೆ ಬಂದಾಗಲೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯಿಂದ ಬಾಗಿಲು ಹಾಕಿಸಿಕೊಂಡ. ಅವನು ಬಿಟ್ಟದ್ದು ತನ್ನ ಅನ್ನವನ್ನು. ಬಿಡುವುದಕ್ಕೆಂದೇ ಹಿಡಿಯುವವನು ಏನನ್ನು ಬಿಟ್ಟ?

ಗಾಳದ ಸಾಮಗ್ರಿಗಳ ಮೇಲಿನ ತೆರಿಗೆ 1950ರ ಕಾಯಿದೆಯ ಪ್ರಕಾರ ಅಮೆರಿಕದ ಮೀನುಗಳ ಸಂರಕ್ಷಣೆಗೆ ಸಲ್ಲುತ್ತದೆಂಬುದು ನಿಜ. ಜಲರಾಶಿಗಳಿಗೆ ಹಣ ಕೊಡಲು ಜೈನನಿಗೆ ಕೊಕ್ಕೆಯ ಮಧ್ಯಸ್ಥಿಕೆ ಬೇಡ. ದಾನದ ರೂಢಿ ಅವನಿಗೆ ಮೊದಲೇ ಉಂಟು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ 2008ರ ತನ್ನ ಪ್ರಾಣಿಸಂರಕ್ಷಣಾ ನಿಯಮಗಳಲ್ಲಿ ನಿಷೇಧಿಸಿತು. ತೀರ್ಥಂಕರರ ಹೆಸರನ್ನೂ ಕೇಳಿರದ ಅಧಿಕಾರಿಗಳಿಗೆ ಹೊಳೆದದ್ದು ನಿತ್ಯ ಣಮೋಕಾರ ಪಠಿಸುವ ಮನೆಗಳಿಗೆ ಹೊಳೆಯದಿರುವುದು ಸೋಜಿಗ.

ದೋಷವೆಲ್ಲ ಹುಡುಗನದಲ್ಲ. ಸಹಪಾಠಿಗಳು ಕರೆದಾಗ ಅವನು ಒಬ್ಬಂಟಿಯಾಗಬಾರದೆಂಬ ತಂದೆತಾಯಿಯರ ಅಳುಕು ಅರ್ಥವಾಗುವಂಥದು. ಆದರೆ ಹುಟ್ಟುಹಬ್ಬಕ್ಕೆ ಗಾಳದ ಕೋಲನ್ನು ಕೊಂಡುಕೊಡುವವರು ಯಾರು? ಹಿಂಸೆಯ ಉಪಕರಣವನ್ನು ಕೊಡುವುದು ಹಿಂಸಾದಾನ. ಅನರ್ಥದಂಡದ ಐದು ಬಗೆಗಳಲ್ಲಿ ಅದೂ ಒಂದು. ಅಲ್ಲಿನ ಮಂದಿರಗಳ ಟ್ರಸ್ಟುಗಳು ತಮ್ಮ ಬೇಸಿಗೆ ಶಿಬಿರಗಳಲ್ಲೂ ವನಭೋಜನಗಳಲ್ಲೂ ಗಾಳಕ್ಕೆ ಎಡೆಯಿಲ್ಲವೆಂದು ಬರವಣಿಗೆಯಲ್ಲೇ ತಿಳಿಸಲಿ. ಪಾಠಶಾಲೆಯಲ್ಲಿ ಗಡ್ಡೆಗೆಣಸಿನ ನಿಷೇಧವನ್ನು ಬೋಧಿಸುವಷ್ಟೇ ಸ್ಪಷ್ಟವಾಗಿ ಇದನ್ನೂ ಹೆಸರಿಟ್ಟು ಬೋಧಿಸಲಿ. ಇಲ್ಲಿನ ಅಜ್ಜ ಅಜ್ಜಿಯರು ಆ ಭಾವಚಿತ್ರವನ್ನು ಬಾಹುಬಲಿಯ ಪಟದ ಪಕ್ಕದಲ್ಲಿ ಇಡದಿರಲಿ. ಮನೆಯಲ್ಲಿ ಈಗಾಗಲೇ ಗಾಳದ ಪೆಟ್ಟಿಗೆಯಿದ್ದರೆ ಅದನ್ನು ನೆರೆಮನೆಯ ಹುಡುಗನಿಗೆ ಕೊಟ್ಟು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕೊಕ್ಕೆಗಳನ್ನು ಮುರಿದೇ ಹೊರಹಾಕಬೇಕು.