ಮಾರ್ಕನ ಸುವಾರ್ತೆ ಎಲ್ಲಿ ಮುಗಿಯುತ್ತದೆ?

ಕ್ರೈಸ್ತರ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಎಲ್ಲಕ್ಕಿಂತ ಚಿಕ್ಕದು. ಹೆಚ್ಚಿನ ವಿದ್ವಾಂಸರ ಮತದಂತೆ ಎಲ್ಲಕ್ಕಿಂತ ಹಳೆಯದೂ ಅದೇ. ಮತ್ತಾಯನೂ ಲೂಕನೂ ಅದನ್ನು ಎದುರಿಗಿಟ್ಟುಕೊಂಡೇ ತಮ್ಮ ಗ್ರಂಥಗಳನ್ನು ರಚಿಸಿದರೆಂದು ಅವರ ಎಣಿಕೆ. ಇಂತಹ ಗ್ರಂಥವು ಎಲ್ಲಿ ಮುಗಿಯುತ್ತದೆಂಬ ವಿಷಯದಲ್ಲಿ ಹದಿನಾರು ಶತಮಾನಗಳಿಗೂ ಮಿಕ್ಕು ಸಂದೇಹವು ನಡೆದುಬಂದಿದೆಯೆಂದರೆ ನಮ್ಮ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾದೀತು. ಈ ತಿಂಗಳು ಆ ಸಂಗತಿಯನ್ನೇ ವಿಚಾರಿಸೋಣ.

ಗ್ರಂಥದೊಳಗೆ ಕರ್ತೃವು ತನ್ನ ಹೆಸರನ್ನು ಎಲ್ಲಿಯೂ ಹೇಳಿಕೊಂಡಿಲ್ಲ. ಎರಡನೆಯ ಶತಮಾನದ ಮೊದಲ ಭಾಗದಲ್ಲಿ ಹಿಯೆರಾಪೊಲಿಸಿನ ಬಿಷಪನಾಗಿದ್ದ ಪಾಪಿಯಸನು, ಮಾರ್ಕನು ಪೇತ್ರನ ದುಭಾಷಿಯಾಗಿದ್ದನೆಂದೂ, ಕೇಳಿದುದನ್ನು ತಪ್ಪಿಲ್ಲದೆ, ಆದರೆ ಕ್ರಮವಿಲ್ಲದೆ ಬರೆದಿಟ್ಟನೆಂದೂ ತಿಳಿಸಿದ್ದಾನೆ. ಬರೆದವನು ಯಾರೇ ಆಗಲಿ, ಅವನು ಯೆಹೂದ್ಯರಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೆಂಬುದು ಸ್ಪಷ್ಟ. ಯೇಸುವಿನ ಬಾಯಿಂದ ಬಂದ ಅರಮಾಯ ನುಡಿಗಳಿಗೆ ಗ್ರೀಕಿನಲ್ಲಿ ಅರ್ಥ ಬರೆಯುತ್ತಾನೆ. ಊಟಕ್ಕೆ ಮುಂಚೆ ಕೈತೊಳೆಯುವ ಯೆಹೂದ್ಯರ ಆಚಾರವನ್ನು ಬಿಡಿಸಿ ಹೇಳುತ್ತಾನೆ. ಬಡ ವಿಧವೆಯು ಕಾಣಿಕೆಯಾಗಿ ಹಾಕಿದ ಎರಡು ಚಿಕ್ಕ ಕಾಸುಗಳ ಬೆಲೆಯನ್ನು ರೋಮಿನ ನಾಣ್ಯವಾದ ಕ್ವಾಡ್ರಾನ್ಸಿನ ಲೆಕ್ಕದಲ್ಲಿ ಕೊಡುತ್ತಾನೆ. ಗ್ರಂಥವು ರೋಮಿನಲ್ಲಿ ಹುಟ್ಟಿತೆಂಬ ಹಳೆಯ ಪ್ರತೀತಿಗೆ ಇದು ಒಪ್ಪುತ್ತದೆ. ಕಾಲವು ಕ್ರಿ. ಶ. ೭೦ರ ಆಸುಪಾಸು. ರೋಮಿನಲ್ಲಿ ನೀರೋ ಚಕ್ರವರ್ತಿಯು ೬೪ರ ಬೆಂಕಿಯ ಅಪವಾದವನ್ನು ಕ್ರೈಸ್ತರ ಮೇಲೆ ಹೊರಿಸಿ ಹಿಂಸಿಸಿದ್ದನು. ೭೦ರಲ್ಲಿ ಟೈಟಸನ ಸೈನ್ಯವು ಯೆರೂಸಲೇಮಿನ ದೇವಾಲಯವನ್ನು ಸುಟ್ಟು ಕೆಡವಿತು. ಭಯವೆಂಬುದು ಅಂದಿನ ಓದುಗರಿಗೆ ನೆರೆಮನೆಯ ಸಂಗತಿಯಾಗಿದ್ದಿತು.

ಇನ್ನು ಕೊನೆಯ ಅಧ್ಯಾಯಕ್ಕೆ ಬರೋಣ. ಮೂವರು ಸ್ತ್ರೀಯರು ಸುಗಂಧದ್ರವ್ಯಗಳನ್ನು ತೆಗೆದುಕೊಂಡು ಮುಂಜಾನೆ ಸಮಾಧಿಗೆ ಹೋಗುತ್ತಾರೆ. ಅಲ್ಲಿ ಬಿಳಿಯ ಉಡುಪಿನ ಯುವಕನೊಬ್ಬನು, ಯೇಸು ಎದ್ದಿದ್ದಾನೆ, ಗಲಿಲಾಯದಲ್ಲಿ ಅವನನ್ನು ಕಾಣುವಿರೆಂದು ಶಿಷ್ಯರಿಗೆ ತಿಳಿಸಿರೆಂದು ಅಪ್ಪಣೆ ಕೊಡುತ್ತಾನೆ. ಅವರು ನಡುಗುತ್ತ ಓಡಿಹೋಗುತ್ತಾರೆ. ಹೆದರಿದ್ದರಿಂದ ಯಾರಿಗೂ ಏನನ್ನೂ ಹೇಳುವುದಿಲ್ಲ. ಇದು ೮ನೆಯ ವಚನ. ನಾಲ್ಕನೆಯ ಶತಮಾನದ ಎರಡು ಮಹಾಪ್ರತಿಗಳಲ್ಲಿ ಗ್ರಂಥವು ಇಲ್ಲಿಗೇ ನಿಲ್ಲುತ್ತದೆ. ಒಂದು, ಸೀನಾಯಿ ಬೆಟ್ಟದ ಮಠದಲ್ಲಿ ಟಿಶೆನ್‌ಡಾರ್ಫ್ ಎಂಬ ಜರ್ಮನ್ ಪಂಡಿತನು ೧೮೪೪ರಲ್ಲಿಯೂ ೧೮೫೯ರಲ್ಲಿಯೂ ಕಂಡದ್ದು. ಅದರ ಬಹುಭಾಗವನ್ನು ಸೋವಿಯತ್ ಸರಕಾರದಿಂದ ೧೯೩೩ರಲ್ಲಿ ಒಂದು ಲಕ್ಷ ಪೌಂಡು ಕೊಟ್ಟು ಬ್ರಿಟಿಷ್ ಮ್ಯೂಸಿಯಮ್ಮಿನವರು ಕೊಂಡರು. ಇನ್ನೊಂದು ವ್ಯಾಟಿಕನ್ನಿನದು. ಅದರ ಲಿಪಿಕಾರನು ೮ನೆಯ ವಚನವಾದ ಮೇಲೆ ಒಂದು ಇಡೀ ಅಂಕಣವನ್ನು ಖಾಲಿ ಬಿಟ್ಟು ಲೂಕನನ್ನು ಮುಂದಿನ ಪುಟದಲ್ಲಿ ಆರಂಭಿಸಿದ್ದಾನೆ. ಮುಂದೆ ಏನೋ ಇದೆಯೆಂದು ಅವನು ಕೇಳಿದ್ದಿರಬೇಕೆಂದು ನಮಗೆ ತೋರುತ್ತದೆ. ಅದೇ ಶತಮಾನದ ಚರಿತ್ರಕಾರ ಯೂಸೆಬಿಯಸನೂ ಒಳ್ಳೆಯ ಪ್ರತಿಗಳು ಇಲ್ಲಿಗೇ ಮುಗಿಯುತ್ತವೆಂದು ಹೇಳಿದ್ದುಂಟು.

ಹಾಗಾದರೆ ೯ರಿಂದ ೨೦ರ ವರೆಗಿನ ಹನ್ನೆರಡು ವಚನಗಳು? ಅವೂ ಈಚಿನವಲ್ಲ; ಸುಮಾರು ಕ್ರಿ. ಶ. ೧೮೦ರಲ್ಲಿ ಐರೆನೇಯಸನು ಅವುಗಳಲ್ಲೊಂದನ್ನು ಉದಾಹರಿಸಿದ್ದಾನೆ. ಆದರೆ ಬೆಸುಗೆಯ ಗುರುತು ಕಾಣುತ್ತದೆ. ಮೊದಲನೆಯ ವಚನದಲ್ಲಿಯೇ ಬಂದಿದ್ದ ಮಗ್ದಲದ ಮರಿಯಳನ್ನು ೯ನೆಯದರಲ್ಲಿ ಹೊಸಬಳೆಂಬಂತೆ ಪರಿಚಯ ಮಾಡಿಸಲಾಗಿದೆ. ಗಲಿಲಾಯದ ಮಾತೇ ಮರೆತುಹೋಗಿದೆ. ಪದಗಳೂ ಶೈಲಿಯೂ ಬೇರೆ. ನಮ್ಮ ಪಂಡಿತರು ಪ್ರಕ್ಷಿಪ್ತವೆಂದು ಕರೆಯುವುದು ಇಂತಹದನ್ನೇ.

ಇದು ಕೇವಲ ಪಂಡಿತರ ಜಗಳವೆಂದು ಯಾರೂ ತಿಳಿಯಬಾರದು. ನಂಬಿದವರು ಹಾವನ್ನು ಹಿಡಿದರೂ ವಿಷವನ್ನು ಕುಡಿದರೂ ಅವರಿಗೆ ಕೇಡಾಗದೆಂಬ ಅರ್ಥದ ಮಾತು ಇರುವುದು ಈ ಹನ್ನೆರಡರಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಿಂದ ಅಮೆರಿಕೆಯ ಅಪಲೇಷಿಯನ್ ಬೆಟ್ಟಸೀಮೆಯ ಕೆಲವು ಸಭೆಗಳವರು ಇದನ್ನು ಆಜ್ಞೆಯೆಂದು ಹಿಡಿದು, ಆರಾಧನೆಯ ವೇಳೆಯಲ್ಲಿ ವಿಷಸರ್ಪಗಳನ್ನು ಕೈಗೆತ್ತಿಕೊಂಡರು. ಕೆಂಟಕಿ ಸಂಸ್ಥಾನವು ೧೯೪೦ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು. ಈ ಆಚಾರವನ್ನು ಹರಡಿದವರಲ್ಲಿ ಮುಖ್ಯನಾದ ಜಾರ್ಜ್ ಹೆನ್ಸ್‌ಲಿಯು ೧೯೫೫ರಲ್ಲಿ ಫ್ಲಾರಿಡಾದ ಕೂಟವೊಂದರಲ್ಲಿ ಹಾವಿನಿಂದ ಕಚ್ಚಿಸಿಕೊಂಡು ಮೃತನಾದನು. ಮಾರ್ಕನು ಬರೆಯದ ವಚನವೊಂದು ಮನುಷ್ಯರ ಪ್ರಾಣವನ್ನು ಹೀಗೆ ತೆಗೆದುಕೊಂಡಿತು.

ಮೂಲದ ಕೊನೆಯ ಹಾಳೆ ಹರಿದುಹೋಯಿತೆಂದು ಕೆಲವರು ಊಹಿಸುತ್ತಾರೆ. ಮಾರ್ಕನು ಬೇಕೆಂದೇ ಅಲ್ಲಿ ಲೇಖನಿಯನ್ನಿಟ್ಟನೆಂಬ ಮತವು ನಮಗೆ ಹೆಚ್ಚು ಸಮ್ಮತ. ಗ್ರಂಥದುದ್ದಕ್ಕೂ ಶಿಷ್ಯರು ಹೆದರುತ್ತಾರೆ, ಅರ್ಥಮಾಡಿಕೊಳ್ಳಲಾರದೆ ತೊಳಲುತ್ತಾರೆ, ಹಿಡಿಯಲು ಬಂದಾಗ ಓಡಿಹೋಗುತ್ತಾರೆ. ಕೊನೆಗೆ ಸ್ತ್ರೀಯರೂ ಓಡುತ್ತಾರೆ. ಹಿಂಸೆಯ ಕಾಲದಲ್ಲಿ ತಾವೂ ಬಾಯಿಮುಚ್ಚಿಕೊಂಡಿದ್ದವರಿಗೆ ಇದು ಪರಕೀಯವೆನಿಸಿರಲಾರದು. ಆದರೂ ಈ ಮುಕ್ತಾಯವು ಬಹುಬೇಗ ಸಹಿಸಲಾರದ್ದಾಯಿತು. ಮತ್ತಾಯನಲ್ಲಿ ಅದೇ ಸ್ತ್ರೀಯರು ಭಯದೊಡನೆ ಮಹಾಸಂತೋಷದಿಂದಲೂ ಶಿಷ್ಯರ ಬಳಿಗೆ ಓಡುತ್ತಾರೆ. ಲೂಕನಲ್ಲಿ ಅವರು ಎಲ್ಲವನ್ನೂ ಹನ್ನೊಂದು ಮಂದಿಗೆ ತಿಳಿಸಿಯೇ ಬಿಡುತ್ತಾರೆ, ಕೇಳಿದ ಗಂಡಸರು ಮಾತ್ರ ಅದನ್ನು ಹರಟೆಯೆಂದೆಣಿಸಿ ನಂಬುವುದಿಲ್ಲ.