ಬಾಡಿಗೆಯ ಮನೆಯೂ ನೀರಿನ ವಿಚಾರವೂ

ಉದ್ಯೋಗನಿಮಿತ್ತ ಬೆಂಗಳೂರಿಗೆ ಹೊರಡುವ ಕುಟುಂಬಸ್ಥರು ಕೇಳುವ ಪ್ರಶ್ನೆಗಳು ಎರಡೇ: ಬಾಡಿಗೆಯೆಷ್ಟು, ಕಚೇರಿ ಎಷ್ಟು ದೂರ? ನೀರೆಲ್ಲಿಂದ ಬರುವುದೆಂದು ಕೇಳುವವರು ವಿರಳ. ಹೆಣ್ಣು ಕೊಡುವಾಗ ಆ ಊರಿನ ಬಾವಿಯನ್ನು ವಿಚಾರಿಸುತ್ತಿದ್ದವರ ಮೊಮ್ಮಕ್ಕಳು ಇವರು!

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಭಯದಲ್ಲಿ ಬೆಳೆದ ಬಡಾವಣೆಗಳು. ಅಲ್ಲಿ ಮೊದಲು ಬೀದಿಗಳಿಗೆ ಗೆರೆಯೆಳೆದು ಆಮೇಲೆ ಮನೆ ಕಟ್ಟಿದರು. ಹೊರವಲಯಗಳಲ್ಲಾದರೋ ಮೊದಲು ಎದ್ದದ್ದು ಮಹಡಿ. ಚರಂಡಿ ಅನಂತರದ ಮಾತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರೊದಗಿಸಬೇಕಾದ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಆ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಭಾರಿ ಬಾಡಿಗೆ ತೆರುವವರೂ ಟ್ಯಾಂಕರಿನ ದಾರಿ ಕಾದರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರುಗಳ ಸಿರಿವಂತರು ಟ್ರ್ಯಾಕ್ಟರುಗಳನ್ನೇರಿ ಹೊರಬಂದುದನ್ನು ನಾಡೆಲ್ಲ ಕಂಡಿತು. ರಾಜಕಾಲುವೆಯನ್ನು ಒತ್ತಿ ಕಟ್ಟಿದವರ ಪಾಪವನ್ನು ಬಾಡಿಗೆದಾರನೂ ಉಣ್ಣಬೇಕಾಗುತ್ತದೆ.

ಹಳೆಯ ಬಡಾವಣೆಗಳಲ್ಲಿ ಬಾಡಿಗೆ ದುಬಾರಿಯೆಂಬ ಆಕ್ಷೇಪವುಂಟು. ನಿಜವೇ. ಆದರೆ ಟ್ಯಾಂಕರಿನ ಹಣವನ್ನೂ ಬಾಡಿಗೆಗೆ ಕೂಡಿಸಿ ಲೆಕ್ಕಹಾಕಿದವರೆಷ್ಟು ಮಂದಿ? ಮುಂಗಡವನ್ನು ಎಣಿಸಿಕೊಡುವ ಮೊದಲು, ಏಪ್ರಿಲ್ ತಿಂಗಳಲ್ಲಿ ಸಂಪು ತುಂಬುವುದು ಹೇಗೆಂದು ಪಕ್ಕದ ಮನೆಯ ಗೃಹಿಣಿಯನ್ನು ಕೇಳಲಿ, ಮನೆಯೊಡೆಯನನ್ನಲ್ಲ.