ಔಷಧಕ್ಕೆ ಮುನ್ನ ಕಲ್ಲಿನ ಪರೀಕ್ಷೆ

ಮೂತ್ರಪಿಂಡದಲ್ಲಿ ಕಲ್ಲಿದೆಯೆಂದು ತಿಳಿದೊಡನೆ ಅಂಗಡಿಯಿಂದ ಸಿಟ್ರೇಟಿನ ಔಷಧವನ್ನು ತಂದು ಕುಡಿಯುವವರು ನಮ್ಮಲ್ಲಿ ಉಂಟು. ಸಿಟ್ರೇಟು ಒಳ್ಳೆಯ ಔಷಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಲ್ಲು ಯಾವ ಬಗೆಯದೆಂದು ಅರಿಯದೆ ಅದನ್ನು ಸೇವಿಸುವುದು ಯುಕ್ತವಲ್ಲವೆಂದು ನನ್ನ ಅಭಿಪ್ರಾಯ.

ಬಿಸಿನೀರಿನಲ್ಲಿ ಕರಗುವಷ್ಟೂ ಪಟಿಕವನ್ನು ಕರಗಿಸಿ ಆರಲು ಬಿಟ್ಟರೆ ಹರಳುಗಳು ಮೂಡುವುದನ್ನು ವಿದ್ಯಾರ್ಥಿಗಳು ಬಲ್ಲರು. ಮೂತ್ರವೂ ಅಂತಹುದೇ ಒಂದು ದ್ರಾವಣ. ಅದರಲ್ಲಿ ಕ್ಯಾಲ್ಸಿಯಂ ಮತ್ತು ಆಕ್ಸಲೇಟುಗಳು ಮಿತಿಮೀರಿದಾಗ ಹರಳು ಹುಟ್ಟುತ್ತದೆ. ಅದೇ ಬೆಳೆದು ಕಲ್ಲಾಗುತ್ತದೆ. ಕಲ್ಲುಗಳಲ್ಲಿ ಹೆಚ್ಚಿನವು ಈ ಬಗೆಯವೇ. ಸಿಟ್ರೇಟು ಕ್ಯಾಲ್ಸಿಯಂನೊಡನೆ ಕೂಡಿ, ಕರಗುವ ಸಂಯುಕ್ತವಾಗಿ, ಆಕ್ಸಲೇಟಿಗೆ ಸಿಕ್ಕುವ ಕ್ಯಾಲ್ಸಿಯಂ ಅನ್ನು ತಗ್ಗಿಸುತ್ತದೆ. ಹುಟ್ಟಿದ ಹರಳು ಬೆಳೆಯದಂತೆಯೂ ತಡೆಯುತ್ತದೆ. 1993ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೂತ್ರದಲ್ಲಿ ಸಿಟ್ರೇಟು ಕಡಮೆಯಿದ್ದ ರೋಗಿಗಳಿಗೆ ಮೂರು ವರ್ಷ ಪೊಟ್ಯಾಸಿಯಂ ಸಿಟ್ರೇಟನ್ನು ಕೊಡಲಾಗಿ, ವರ್ಷಕ್ಕೆ ತಲಾ 1.2ರಂತೆ ಹುಟ್ಟುತ್ತಿದ್ದ ಕಲ್ಲುಗಳ ಸಂಖ್ಯೆ 0.1ಕ್ಕೆ ಇಳಿಯಿತು.

ಸಿಟ್ರೇಟಿಗೆ ಇನ್ನೊಂದು ಗುಣವುಂಟು. ದೇಹದಲ್ಲಿ ಅದು ಬೈಕಾರ್ಬೊನೇಟಾಗಿ ಮಾರ್ಪಟ್ಟು ಮೂತ್ರದ ಆಮ್ಲತೆಯನ್ನು ತಗ್ಗಿಸುತ್ತದೆ. ಯೂರಿಕ್ ಆಮ್ಲದ ಕಲ್ಲಿಗೆ ಇದು ದಿವ್ಯೌಷಧ. ಪಿಎಚ್ 5.5ರಲ್ಲಿ ಆ ಆಮ್ಲದ ಸುಮಾರು ಅರ್ಧಭಾಗ ಸುಲಭವಾಗಿ ಕರಗದ ರೂಪದಲ್ಲಿರುತ್ತದೆ, 6.5ರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಇದ್ದ ಕಲ್ಲೂ ಕರಗಿಹೋಗಬಹುದು. ಕ್ಯಾಲ್ಸಿಯಂ ಫಾಸ್ಫೇಟಿನ ಕಲ್ಲಾದರೋ ಇದಕ್ಕೆ ವಿರುದ್ಧ. ಆಮ್ಲತೆ ತಗ್ಗಿದಷ್ಟೂ ಅದು ಸುಲಭವಾಗಿ ಕಟ್ಟುತ್ತದೆ. ಸೋಂಕಿನಿಂದ ಹುಟ್ಟುವ ಕಲ್ಲೂ ಹಾಗೆಯೇ. ಒಬ್ಬನ ಕಲ್ಲನ್ನು ಕರಗಿಸಿದ ಔಷಧ ಮತ್ತೊಬ್ಬನ ಕಲ್ಲನ್ನು ಬೆಳೆಸಬಹುದು.

ಸಿಟ್ರೇಟಿನ ಜೊತೆಗಿರುವ ಲೋಹವನ್ನೂ ಗಮನಿಸಬೇಕು. ಸೋಡಿಯಂ ಹೆಚ್ಚಿದರೆ ಮೂತ್ರಕ್ಕೆ ಇಳಿಯುವ ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ. ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯಕ್ಕೆ ಅಪಾಯ ತರಬಹುದು.

ಪರೀಕ್ಷೆಗೆ ಖರ್ಚಾಗುವುದೆಂದು ಕೆಲವರು ಆಕ್ಷೇಪಿಸಬಹುದು. ತಪ್ಪು ಔಷಧವನ್ನು ವರ್ಷಗಟ್ಟಲೆ ಕುಡಿಯುವುದೂ ಖರ್ಚೇ ಅಲ್ಲವೆ? ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ಒಪ್ಪಿಸಬೇಕು. ಅವರು ಹೇಳಿದಂತೆ ಒಂದು ದಿನದ ಮೂತ್ರವನ್ನೆಲ್ಲ ಕೂಡಿಸಿ ಪರೀಕ್ಷೆಗೆ ಕೊಡಬೇಕು. ಅಲ್ಲಿಯವರೆಗೆ ಬಹುಮಟ್ಟಿಗೆ ಎಲ್ಲ ಬಗೆಯ ಕಲ್ಲಿಗೂ ಸಲ್ಲುವ ಉಪಾಯವೊಂದಿದೆ, ಅದು ನೀರು. 1996ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ದಿನಕ್ಕೆ ಎರಡು ಲೀಟರಾದರೂ ಮೂತ್ರವಾಗುವಷ್ಟು ನೀರು ಕುಡಿಯಲು ಹೇಳಿಸಿಕೊಂಡವರಲ್ಲಿ, ಐದು ವರ್ಷಗಳೊಳಗೆ ನೂರಕ್ಕೆ 12 ಮಂದಿಗೆ ಕಲ್ಲು ಮರುಕಳಿಸಿತು. ಉಳಿದವರಲ್ಲಿ ನೂರಕ್ಕೆ 27 ಮಂದಿಗೆ. ದ್ರಾವಣವನ್ನು ತೆಳುಮಾಡಿದರೆ ಹರಳು ಹುಟ್ಟದೆಂಬ ಪ್ರಯೋಗಶಾಲೆಯ ಪಾಠವೇ ಇದು.